ಆಡ್ಲರ್ ಅವರ ತಂದೆಯ ಹೆಸರು

2018ರ ಸೆಪ್ಟೆಂಬರ್‌ನಲ್ಲಿ ನಾನು ಲಂಡನ್ನಿನ ವಾಯವ್ಯ ಅಂಚಿನ ಒಂದು ಕೌನ್ಸಿಲ್ ಗ್ರಂಥಾಲಯದಲ್ಲಿ ಆರ್ಕೈವ್ ವಿಭಾಗದ ಹಿರಿಯ ಸಹಾಯಕಿಯಾಗಿದ್ದೆ. ಹಳೆಯ ನಕ್ಷೆ, ಶಾಲೆಯ ಹಾಜರಿ ಪುಸ್ತಕ, ಮುಚ್ಚಿಹೋದ ಸಂಸ್ಥೆಗಳ ಕಾಗದಪತ್ರ ಇವನ್ನೆಲ್ಲ ಪೆಟ್ಟಿಗೆಗಳಲ್ಲಿ ಕಾಪಾಡಿ, ಕೇಳಿದವರಿಗೆ ಹುಡುಕಿಕೊಡುವುದು ನಮ್ಮ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಜನರಿಗೆ ನೆರವಾಗಿದ್ದೇನೆ. ಆದರೆ ಈಗಲೂ ಕಾಡುವುದು ನೆರವಾಗದೆ ಸುಮ್ಮನೆ ಕೂತ ಹನ್ನೆರಡು ದಿನ.

ನನ್ನ ಸಹೋದ್ಯೋಗಿ ಪ್ರಶಾಂತ್ ಹೆಬ್ಬಾರ್ ಕುಂದಾಪುರದವನು. ಮೂರು ವರ್ಷದ ಹಿಂದೆ ಸೇರಿದಾಗ, ಆಫೀಸಿನಲ್ಲಿ ಇನ್ನೊಂದು ಕನ್ನಡದ ಬಾಯಿ ಸಿಕ್ಕಿತೆಂದು ಸಂಭ್ರಮಪಟ್ಟು ಚಟ್ನಿಪುಡಿ ಡಬ್ಬಿ ತಂದುಕೊಟ್ಟವಳು ನಾನೇ. ಅವನು ಬುಧವಾರ ಮಧ್ಯಾಹ್ನಗಳಲ್ಲಿ 'ನಿಮ್ಮ ಸರ್‌ನೇಮ್‌ನ ಕಥೆ' ಎಂಬ ಉಪನ್ಯಾಸ ಶುರುಮಾಡಿದ. ಸರ್‌ನೇಮ್ ಎಲ್ಲಿಂದ ಬಂತು, ಅರ್ಥವೇನು, ಯಾವ ದೇಶದಲ್ಲಿ ಹೆಚ್ಚು ಎಂದು ಬಣ್ಣಬಣ್ಣದ ನಕ್ಷೆ ಹಾಕಿ ತೋರಿಸುತ್ತಿದ್ದ. ಕುರ್ಚಿ ಸಾಲದೆ ಜನ ನಿಂತು ಕೇಳುತ್ತಿದ್ದರು. ಹಳೆಯ ತೆರಿಗೆ ಪುಸ್ತಕಗಳ ಮೇಲೆ ನಾನು ಮಾತಾಡಿದಾಗ ಬಂದಿದ್ದವರು ಆರು ಜನ, ಅವರಲ್ಲಿ ಒಬ್ಬರು ನಿದ್ದೆ ಹೊಡೆದರು. ನನಗೆ ಹೊಟ್ಟೆಕಿಚ್ಚಾಗಿತ್ತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಕೊಡಲು ಆಗ ಬಹಳ ಪ್ರಯತ್ನಪಟ್ಟೆ, ಈಗ ಪಡುವುದಿಲ್ಲ.

ಆ ವಿಷಯವೂ ನನ್ನ ಪಾಲಿಗೆ ಹುಣ್ಣೇ ಆಗಿತ್ತು. ನಾನು ಮೈಸೂರಿನವಳು. ಊರಿನಲ್ಲಿ ನಾನು ಎನ್. ಸುಮಿತ್ರಾ, 'ಎನ್' ಎಂದರೆ ನಮ್ಮ ತಂದೆ ನರಸಿಂಹಯ್ಯ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗದಲ್ಲಿ ಏನಾದರೂ ಬರೆಯಲೇಬೇಕೆಂದು ಅಪ್ಪನ ಹೆಸರನ್ನೇ ತುಂಬಿದೆ. ನನ್ನ ಗಂಡ ಅವರ ಅಪ್ಪನ ಹೆಸರು ತುಂಬಿದರು. ಮಗಳು ನಿಧಿಗೆ ಗಂಡನ ಹೆಸರು ಹೋಯಿತು. ಮೂರು ಜನರ ಮನೆಯಲ್ಲಿ ಮೂರು ಸರ್‌ನೇಮ್. "ಇದು ನಿಮ್ಮದೇ ಮಗುವಾ?" ಎಂದು ಹೀಥ್ರೂ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಿದ್ದೂ ಉಂಟು. ಶಾಲೆಯ ಪ್ರಾಜೆಕ್ಟ್ ಬರೆಯುವಾಗ ಒಮ್ಮೆ ನಿಧಿ, "ಅಮ್ಮಾ, ವಿ ಡೋಂಟ್ ಈವನ್ ಹ್ಯಾವ್ ಎ ಪ್ರಾಪರ್ ಸರ್‌ನೇಮ್" ಎಂದಿದ್ದಳು. ಅತ್ತ ಪ್ರಶಾಂತನೋ ತನ್ನ ಮೊದಲ ಉಪನ್ಯಾಸದಲ್ಲೇ 'ಹೆಬ್ಬಾರ್' ಬಗ್ಗೆ ಅರ್ಧ ಗಂಟೆ ಕೊರೆದಿದ್ದ.

ಸೆಪ್ಟೆಂಬರ್‌ನ ಒಂದು ಶುಕ್ರವಾರ ಬೆಳಿಗ್ಗೆ ಪಿನ್ನರ್‌ನಿಂದ ಜೂಡಿತ್ ಆಡ್ಲರ್ ಎಂಬ ನಿವೃತ್ತ ಗಣಿತ ಶಿಕ್ಷಕಿ ಬಂದರು. ಬಂದದ್ದು ನನ್ನ ಕೌಂಟರಿಗಲ್ಲ, ಸರ್‌ನೇಮ್ ಹುಡುಗನನ್ನು ಕೇಳಿಕೊಂಡು. ಅವರ ತಂದೆ ವಾಲ್ಟರ್ ಹಿಂದಿನ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಯುದ್ಧಕ್ಕೆ ಸ್ವಲ್ಪ ಮೊದಲು ಯಹೂದಿ ಮಕ್ಕಳನ್ನು ಜರ್ಮನಿಯಿಂದ ಪಾರುಮಾಡಿ ತಂದ ರೈಲೊಂದರಲ್ಲಿ, ಒಂಬತ್ತನೇ ವಯಸ್ಸಿಗೆ ಒಬ್ಬರೇ ಬಂದವರು. ಅಪ್ಪ ಅಮ್ಮನನ್ನು ಮತ್ತೆ ನೋಡಲಿಲ್ಲ, ಅವರ ಬಗ್ಗೆ ಮಗಳ ಹತ್ತಿರ ಮಾತೂ ಆಡಲಿಲ್ಲ.

ಯಹೂದಿಗಳಲ್ಲಿ ಸಾವಿನ ಒಂದು ವರ್ಷದೊಳಗೆ ಸಮಾಧಿಗೆ ಕಲ್ಲು ನಿಲ್ಲಿಸುವ ರೂಢಿ. ಕಲ್ಲಿನ ಮೇಲೆ ಹೀಬ್ರೂ ಅಕ್ಷರಗಳಲ್ಲಿ 'ಇಂಥವನು, ಇಂಥವನ ಮಗ' ಎಂದು ಕೆತ್ತಿಸಬೇಕು. ವಾಲ್ಟರ್ ಅವರ ಹೀಬ್ರೂ ಹೆಸರು ಜೇವ್ ಎಂದು ಮಗಳಿಗೆ ಗೊತ್ತಿತ್ತು. ಅಜ್ಜ ಜರ್ಮನ್ ಕಾಗದಗಳಲ್ಲಿ ಮ್ಯಾಕ್ಸ್ ಆಡ್ಲರ್, ಆದರೆ ಹೀಬ್ರೂ ಹೆಸರು ಯಾರಿಗೂ ತಿಳಿಯದು. ಕಲ್ಲು ಕೆತ್ತುವವರು ಮುಂದಿನ ಶುಕ್ರವಾರದೊಳಗೆ ಬರಹ ಕೇಳಿದ್ದರು.

"ಅಪ್ಪ ನಿಮ್ಮ ಪ್ರದೇಶದ ಒಂದು ಹಾಸ್ಟೆಲಿನಲ್ಲಿ ಬೆಳೆದರು. ಅದರ ಕಾಗದಗಳು ನಿಮ್ಮಲ್ಲಿವೆಯಂತೆ," ಎಂದರು.

"ನಾನು ಹುಡುಕಿಕೊಡ್ತೇನೆ," ಎಂದ ಪ್ರಶಾಂತ್. 'ನಾವು' ಎನ್ನಲಿಲ್ಲ. ಆಡ್ಲರ್ ಎಂದರೆ ಜರ್ಮನ್ ಭಾಷೆಯಲ್ಲಿ ಹದ್ದು, ಎಂಥ ಚೆಂದದ ಹೆಸರು, ಅದರ ಮೇಲೆಯೇ ಮುಂದಿನ ಉಪನ್ಯಾಸ ಕೊಡುತ್ತೇನೆ ಎಂದೂ ಸೇರಿಸಿದ. ಪಕ್ಕದ ಕಂಪ್ಯೂಟರಿನಲ್ಲಿ ಕೂತಿದ್ದ ನನ್ನ ಮೈಯೆಲ್ಲ ಉರಿದುಹೋಯಿತು. ಒಬ್ಬರಿಗೆ ಹದ್ದು, ಒಬ್ಬನಿಗೆ ಹೆಬ್ಬಾರ್, ನನಗೆ ಮಾತ್ರ ಒಂದು ಇನಿಷಿಯಲ್.

ಅಂದು ಸಂಜೆ ಐದಕ್ಕೆ ಅವನು ಹೋದ ಮೇಲೆ ದಾಖಲೆ ಪೆಟ್ಟಿಗೆಗಳನ್ನಿಡುವ ಸ್ಟ್ರಾಂಗ್ ರೂಮಿಗೆ ಹೋದೆ. ಆ ಹಾಸ್ಟೆಲ್ ಪೆಟ್ಟಿಗೆಗಳನ್ನು ಹತ್ತೊಂಬತ್ತು ವರ್ಷದ ಹಿಂದೆ ಜೋಡಿಸಿದ್ದವಳು ನಾನೇ. ಅದರಲ್ಲಿ ವಾರ್ಡನ್ನರ ಒಂದು ತೆಳ್ಳನೆಯ ನೋಟ್‌ಬುಕ್ ಇದ್ದದ್ದು ನೆನಪಿತ್ತು. ಹದಿಮೂರು ತುಂಬಿದ ಯಹೂದಿ ಹುಡುಗನನ್ನು ಪ್ರಾರ್ಥನಾ ಮಂದಿರದಲ್ಲಿ ಧರ್ಮಗ್ರಂಥ ಓದಲು ಕರೆಯುತ್ತಾರೆ. ಕರೆಯುವಾಗ ಸರ್‌ನೇಮ್ ಹಿಡಿಯುವುದಿಲ್ಲ, ಅಪ್ಪನ ಹೆಸರು ಹಿಡಿಯುತ್ತಾರೆ. ವಾರ್ಡನ್ ಆ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಇದು ನಮ್ಮ ಮೈಸೂರು ಶಾಲೆಯ ಹಾಜರಿ ಪುಸ್ತಕದ ಹಾಗೇ ಇದೆಯಲ್ಲ ಎಂದು ಪೆಟ್ಟಿಗೆ ಜೋಡಿಸುವಾಗ ನಕ್ಕಿದ್ದೆ. ಸರ್‌ನೇಮ್ ಇಲ್ಲದ್ದರಿಂದ ನಮ್ಮ ಹೆಸರುಗಳ ಸೂಚಿಗೆ ಅದು ಸೇರಿರಲಿಲ್ಲ. 'ನೋಟ್‌ಬುಕ್, ಒಂದು' ಎಂದಷ್ಟೇ ದಾಖಲಿಸಿದ್ದೆ.

ಹತ್ತು ನಿಮಿಷ ಹಿಡಿಯಲಿಲ್ಲ. ನಾಲ್ಕನೇ ಪುಟದಲ್ಲಿ ಇತ್ತು: ಜೇವ್, ಮೇಯಿರ್ ಅವರ ಮಗ. ಹುಟ್ಟಿದ ದಿನವೂ ಊರೂ ಜೂಡಿತ್ ಬರೆದುಕೊಟ್ಟ ಚೀಟಿಯೊಂದಿಗೆ ತಾಳೆಯಾದವು. ನೋಟ್‌ಬುಕ್ಕನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಅದೇ ಜಾಗದಲ್ಲಿಟ್ಟು, ಅಕ್ಸ್‌ಬ್ರಿಡ್ಜ್ ಬಸ್ ಹತ್ತಿ ಮನೆಗೆ ಹೋದೆ. ಅವನು ಸೋತು ಕೈಚೆಲ್ಲಲಿ, ಆಮೇಲೆ ಎಲ್ಲರೆದುರು ತೆಗೆದುಕೊಟ್ಟರಾಯಿತು ಎಂಬುದು ನನ್ನ ಲೆಕ್ಕ.

ಪ್ರಶಾಂತ್ ಕೈತೊಳೆದುಕೊಂಡು ಅದರ ಬೆನ್ನುಹತ್ತಿದ. ಊಟದ ಬಿಡುವಿನಲ್ಲೂ ಪಟ್ಟಿಗಳನ್ನು ತಿರುವಿಹಾಕಿದ. ಆರನೇ ದಿನ ನನ್ನ ಮೇಜಿಗೆ ಬಂದ.

"ಸುಮಿತ್ರಕ್ಕ, ಹಾಸ್ಟೆಲ್ ಲಿಸ್ಟೆಲ್ಲ ನೋಡಿ ಆಯ್ತು. ಆಡ್ಲರ್ ಅಂತ ಹುಡುಗ ಇದ್ದಾನೆ, ಅಪ್ಪನ ಹೀಬ್ರೂ ಹೆಸರು ಮಾತ್ರ ಎಲ್ಲೂ ಇಲ್ಲ. ನಿಮಗೇನಾದ್ರೂ ಹೊಳೀತದಾ?"

"ಇಲ್ಲಪ್ಪ," ಎಂದೆ. ಸ್ಕ್ರೀನಿನಿಂದ ಕಣ್ಣೆತ್ತಲಿಲ್ಲ.

ಹನ್ನೆರಡನೇ ದಿನ, ಬುಧವಾರ, ಅವನ ಉಪನ್ಯಾಸ. ಚೆನ್ನಾಗಿಯೇ ಮಾತಾಡಿದ. ಆಡ್ಲರ್ ಎಂಬ ಹೆಸರು ಜರ್ಮನ್ ಕ್ರೈಸ್ತರಲ್ಲೂ ಇದೆ, ಯಹೂದಿಗಳಲ್ಲೂ ಇದೆ. ನಂಬರ್ ಇಲ್ಲದ ಕಾಲದಲ್ಲಿ ಮನೆಗಳಿಗೆ, ಛತ್ರಗಳಿಗೆ ಚಿತ್ರದ ಫಲಕ ತೂಗುಹಾಕುತ್ತಿದ್ದರು, ಹದ್ದಿನ ಫಲಕದ ಮನೆಯವರಿಗೆ ಹದ್ದಿನ ಹೆಸರೇ ನಿಂತಿತು. ಯಹೂದಿಗಳಲ್ಲಿ ಬಹಳ ಮಂದಿಗೆ ಹದಿನೆಂಟನೇ ಶತಮಾನದ ಕೊನೆಯವರೆಗೂ ಮನೆತನದ ಹೆಸರೇ ಇರಲಿಲ್ಲ. ಸರ್ಕಾರಗಳು ಕಾನೂನು ಮಾಡಿ ಹೆಸರಿಟ್ಟುಕೊಳ್ಳಿ ಎಂದು ಕಡ್ಡಾಯ ಮಾಡಿದಾಗ ಕೆಲವರು ಈ ಹೆಸರನ್ನು ಆರಿಸಿಕೊಂಡರು. ಈಗ ಜರ್ಮನಿ, ಆಸ್ಟ್ರಿಯಾ, ಅಮೆರಿಕಗಳಲ್ಲಿ ಆಡ್ಲರ್‌ಗಳು ಬೇಕಾದಷ್ಟಿದ್ದಾರೆ. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಬೆಚ್ಚಿದೆ. ಅವರಿಗೂ ಯಾವುದೋ ಕಚೇರಿಯ ಫಾರಂ ತುಂಬಲು ಸರ್‌ನೇಮ್ ಬೇಕಾಗಿತ್ತು.

ಕೊನೆಯಲ್ಲಿ ಮುಂದಿನ ಸಾಲಿನಿಂದ ಜೂಡಿತ್ ಎದ್ದರು. "ಹದ್ದು ಚೆನ್ನಾಗಿದೆ, ಥ್ಯಾಂಕ್ಸ್. ಆದರೆ ನನಗೆ ಬೇಕಾಗಿದ್ದದ್ದು ಅಪ್ಪ ಯಾರ ಮಗ ಎನ್ನುವುದು. ಶುಕ್ರವಾರ ಬರಹ ಕಳಿಸಿಬಿಟ್ಟೆ, ನಿನ್ನೆ ಕೆತ್ತನೆ ಮುಗಿಯಿತಂತೆ. ಜೇವ್ ಎಂದಷ್ಟೇ ಇದೆ. ಯಾರ ಮಗನೂ ಅಲ್ಲದವರ ಹಾಗೆ."

ಶುಕ್ರವಾರದ ಗಡುವು ನನಗೆ ಗೊತ್ತಿರಲಿಲ್ಲವೆಂದಲ್ಲ. ಪ್ರಶಾಂತನ ಸೋಲನ್ನು ಕಾಯುತ್ತಾ ಅದನ್ನು ಬೇಕೆಂದೇ ದಾಟಿಹೋಗಲು ಬಿಟ್ಟಿದ್ದೆ. ಒಳಗೆ ಹೋಗಿ ನೋಟ್‌ಬುಕ್ ತಂದು ಅವರೆದುರು ತೆರೆದಿಟ್ಟೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ನನ್ನ ಬ್ಯಾಡ್ಜ್ ನೋಡಿ, "ನರಸಿಂಹಯ್ಯ. ಇದರ ಅರ್ಥವೇನು?" ಎಂದು ಕೇಳಿದರು.

"ಅದು ನಮ್ಮ ತಂದೆಯ ಹೆಸರು," ಎಂದೆ.

"ಹಾಗಾದರೆ ನಿಮಗೆ ಹುಡುಕುವ ಕಷ್ಟವಿಲ್ಲ," ಎಂದರು.

ಅವರು ಹೋದ ಮೇಲೆ ಪ್ರಶಾಂತನಿಗೆ ಎಲ್ಲ ಹೇಳಿದೆ. ಅವನು ಪ್ರೊಜೆಕ್ಟರ್ ವೈರು ಸುತ್ತುತ್ತಿದ್ದವನು ನಿಲ್ಲಿಸಿ, "ನಾನು ಕೇಳಿದ್ನಲ್ಲ ಅಕ್ಕ," ಎಂದ.

ಅಕ್ಟೋಬರ್‌ನ ಒಂದು ಭಾನುವಾರ ಕಲ್ಲಿನ ಕಾರ್ಯಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು. ಕಲ್ಲಿನ ಮೇಲೆ ಎರಡು ಸಾಲುಗಳ ನಡುವೆ ಉಳಿದಿದ್ದ ಚೂರು ಜಾಗದಲ್ಲಿ 'ಮೇಯಿರ್ ಅವರ ಮಗ' ಎಂದು ಆಮೇಲೆ ಸೇರಿಸಿದ್ದರು, ಉಳಿದ ಅಕ್ಷರಗಳ ಅರ್ಧದಷ್ಟು ಸಣ್ಣದಾಗಿ. "ಇದನ್ನು ಹುಡುಕಿಕೊಟ್ಟವರು ಇವರೇ," ಎಂದು ಜೂಡಿತ್ ನನ್ನ ಕೈಹಿಡಿದು ಎಲ್ಲರಿಗೂ ತೋರಿಸಿದರು. ನಾನು ಬಯಸಿದ್ದ ಮಾತು ಅದೇ. ಪಕ್ಕದಲ್ಲಿದ್ದ ಪ್ರಶಾಂತ್ ಹೌದೆಂದು ತಲೆಯಾಡಿಸಿದ. ಅವನ ಆ ದೊಡ್ಡತನ ಕಂಡು ಆಗಲೂ ನನಗೆ ಹೊಟ್ಟೆಕಿಚ್ಚಾಯಿತು.

ಸಿಕ್ಕಿದ್ದನ್ನು ಸಿಕ್ಕ ದಿನವೇ ಹೇಳಬೇಕೆಂದು ಈ ಕೆಲಸ ನನಗೆ ಕಲಿಸಿತು, ನಿವೃತ್ತಿಗೆ ಎರಡು ವರ್ಷ ಇರುವಾಗ. ಕಲ್ಲಿನ ಆ ಸಣ್ಣ ಅಕ್ಷರ ನೋಡಿದವರು ಕೆತ್ತಿದವರ ಜಾಗದ ಅಂದಾಜು ತಪ್ಪಿರಬೇಕು ಎಂದುಕೊಳ್ಳುತ್ತಾರೆ. ಜೂಡಿತ್ ಅವರಿಗೆ ನಾನು ಇವತ್ತಿನವರೆಗೂ ನಿಜ ಹೇಳಿಲ್ಲ.