ದೇವರು ಉಣ್ಣುವ ಹೊತ್ತು

ನೈವೇದ್ಯದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ದೇವರ ಗೂಡಿಗೆ ಪರದೆ ಎಳೆದು ಕಣ್ಣು ಮುಚ್ಚಿ ಕೂತುಬಿಡಬೇಕು. ನನ್ನ ಕಣ್ಣೇನೋ ಮುಚ್ಚಿರುತ್ತದೆ, ಮನಸ್ಸು ಮಾತ್ರ ಕುಕ್ಕರಿನ ಸೀಟಿಯ ಮೇಲಿರುತ್ತದೆ. ದೇವರು ದೊಡ್ಡವನು, ಇಷ್ಟು ವರ್ಷ ಸಹಿಸಿಕೊಂಡಿದ್ದಾನೆ.

ಕಳೆದ ಚಳಿಗಾಲ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನ ಮೇಲಿನ ಮನೆಗೆ ಪೋಲೆಂಡಿನಿಂದ ಮಾರ್ತಾ ಬಂದಳು. ಕಡಲ ಹಿನ್ನೀರಿನ ಖಾಡಿಯ ಕೆಸರಿಗೆ ಇಳಿಯುವ ಫ್ಲೆಮಿಂಗೊ ಹಕ್ಕಿಗಳ ದನಿಯನ್ನು ರೆಕಾರ್ಡ್ ಮಾಡುವುದು ಅವಳ ಸಂಶೋಧನೆ. ಜೊತೆಗೆ ನಾಲ್ಕು ವರ್ಷದ ಮಗಳು ಓಲಾ. ಕೂಸನ್ನು ಕಟ್ಟಿಕೊಂಡು ಪರದೇಶದ ಕೆಸರು ತುಳಿಯುವುದೆಂದರೇನು ಎಂದು ನಾನು ಲೊಚಗುಟ್ಟಿದರೆ ನಮ್ಮವರು, "ನೀನೂ ಕಂಕುಳಾಗ ಕೂಸು ಇಟ್ಕೊಂಡ ಧಾರವಾಡದಿಂದ ಬಂದಾಕಿ. ಲೋಕಲ್ ಟ್ರೇನ್‌ದಾಗ ಅವ ಅತ್ತದ್ದು ಕುರ್ಲಾತನಕ ಕೇಳಿಸಿತ್ತು" ಎಂದರು. ಸರಿ, ಓಲಾ ನನ್ನ ಅಡುಗೆಮನೆಯ ಪಾಲಾದಳು. ದಿನವೂ ಪರದೆಯ ಮುಂದೆ ಕೂರಿಸಿಕೊಂಡು, "ದೇವ್ರು ಉಣ್ಣಾಕತ್ತಾನ, ಸುಮ್ನಿರು" ಎನ್ನುತ್ತಿದ್ದೆ.

ಊರಿಗೆ ಹೊರಡುವ ಮುನ್ನಾದಿನವೂ ಮಾರ್ತಾಳಿಗೆ ಬೇಕಾದ ದನಿ ಸಿಕ್ಕಿರಲಿಲ್ಲ. ಒಮ್ಮೆ ದೋಣಿಯ ಇಂಜಿನ್, ಇನ್ನೊಮ್ಮೆ ಗಾಳಿ. "ಆಜೀ, ಆಜ್ ಆಖ್ರೀ ಚಾನ್ಸ್. ಓಲಾ ಚುಪ್ ರಹೇಗೀ ನಾ?" ಎಂದಳು. ನಮ್ಮಿಬ್ಬರಿಗೂ ಹಕ್ಕಿ ತೋರಿಸುವಾಸೆ, ಕೂಸು ಸದ್ದು ಮಾಡೀತೆಂಬ ಅಳುಕು. "ಮೈ ಹೂಂ ನಾ, ಫಿಕರ್ ಮತ್ ಕರೋ" ಎಂದು ಓಲಾಳ ಕೈ ಹಿಡಿದು ಜಂಬದಿಂದ ಹೊರಟೆ.

ದಂಡೆಯ ಪೊದೆಯ ಮರೆಯಲ್ಲಿ ಕೂತೆವು. ಮಂಜು ಸರಿಯಿತು. ನಾನು ಈ ಖಾಡಿಯನ್ನು ರೈಲಿನಲ್ಲಿ ಮೂಗು ಮುಚ್ಚಿಕೊಂಡೇ ದಾಟಿದವಳು. ಅದೇ ಕೆಸರಿನ ಮೇಲೆ ಕುಂಕುಮದ ನೀರು ಚೆಲ್ಲಿದ ಹಾಗೆ, ಕಣ್ಣು ಹಾಯುವವರೆಗೂ ಹಕ್ಕಿಗಳು! ಎಲ್ಲವೂ ತಲೆ ತಗ್ಗಿಸಿ ಉಣ್ಣುತ್ತಿವೆ. ನನಗರಿವಿಲ್ಲದೆ "ವಿಠ್ಠಲಾ!" ಎಂದು ಕೂಗಿಬಿಟ್ಟೆ.

ಹತ್ತಿರದ ಹಿಂಡು ಭರ್ರನೆ ಎದ್ದಿತು. ಮೊದಲೇ ಬೆಳ್ಳಗಿನ ಮಾರ್ತಾ ಇನ್ನಷ್ಟು ಬಿಳುಚಿಕೊಂಡಳು. ಆಗ ಓಲಾ ಪುಟ್ಟ ಕೈಯಿಂದ ನನ್ನ ಬಾಯಿ ಮುಚ್ಚಿ ಪಿಸುಗುಟ್ಟಿದಳು: "ಆಜಿ, ದೇವ್ರು ಉಣ್ಣಾಕತ್ತಾನ. ಸುಮ್ನಿರು."

ಉಸಿರು ಬಿಗಿಹಿಡಿದು ಕೂತೆ. ಹಕ್ಕಿಗಳು ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಇಳಿದವು. ಕರುಣೆ ಅವುಗಳದೋ, ಅವನದೋ. ಮಾರ್ತಾ ತನ್ನ ಕೆಲಸ ಮುಗಿಸಿಕೊಂಡು, ನಗುತ್ತ ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು. ಸಾವಿರಾರು ಕೊಕ್ಕುಗಳು ನೀರು ಸೋಸುವ ಸದ್ದು, ನಡುನಡುವೆ ಸಣ್ಣ ಗೊಣಗು, ಥೇಟ್ ಮದುವೆಮನೆಯ ಪಂಕ್ತಿ.

ಅವರು ಹೋದ ಮೇಲೂ ದಿನಾ ಪರದೆ ಎಳೆಯುತ್ತೇನೆ. ಆದರೆ ಈಗ ಗ್ಯಾಸ್ ಆರಿಸಿಯೇ ಕೂರುತ್ತೇನೆ. ಪರದೆಯಾಚೆ ಊಟದ ಸದ್ದೇನಾದರೂ ಕೇಳೀತೇ ಎಂದು.