ಚೀಲ ಚೀಲದ ಗುಣ ಬಲ್ಲ ಬಂಡಮ್ಮ

ಇನ್ನೂ ಬೆಳಕು ಹರಿದಿಲ್ಲ. ಕಲಬುರ್ಗಿಯ ಶಹಾಬಜಾರದಲ್ಲಿ ಅಣವೀರಪ್ಪ ಸಾಹುಕಾರರ ಅಂಗಳದ ಬೀಸುಕಲ್ಲುಗಳು ಆಗಲೇ ಗುಡುಗುತ್ತಿವೆ. ತೊಗರಿ ಒಡೆಯುವ ಹೆಂಗಸರ ನಡುವೆ ಬಂಡಮ್ಮ ಮಾತ್ರ ಬೀಸುತ್ತಿಲ್ಲ. ಪ್ರತಿ ಚೀಲದ ಬಾಯಿಂದ, ನಡುವಿಂದ, ತಳದಿಂದ ಒಂದೊಂದು ಹಿಡಿ ಕಾಳು ತೆಗೆದು ಬೇರೆ ಬೇರೆ ಮೊರಕ್ಕೆ ಹಾಕುತ್ತಿದ್ದಾರೆ. ಬೇಳೆ ಒಡೆಯುವುದನ್ನು ನೋಡಲೆಂದು ಹೊರಗಿನಿಂದ ಬಂದ ನಾನು ಇದನ್ನು ಮಕ್ಕಳಾಟ ಅಂದುಕೊಂಡೆ.

"ಕೂಡಿಸಬ್ಯಾಡ್ರೀ!" ನಾನು ಒಂದು ಮೊರವನ್ನು ಇನ್ನೊಂದಕ್ಕೆ ಸುರಿಯಹೋದಾಗ ಗದರಿದರು. "ಕೂಡಿಸಿದ್ರ ಎಲ್ಲಾ ಛಲೋನೇ ಕಾಣ್ತದ. ಕೆಟ್ಟದ್ದು ಒಳಗ ಅಡಗಿ ಕುಂದರ್ತದ."

ಬಂಡಮ್ಮ ಕಮಲಾಪುರದವರು. ಗಂಡ ತೀರಿದ ಮೇಲೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ಕಲಬುರ್ಗಿಗೆ ಬಂದು, ಕೇರುವ ಕೆಲಸ ಹಿಡಿದು, ಕಲ್ಲಿಗೆ ಕೂತು, ಅಂಗೈ ಗಟ್ಟಿ ಮಾಡಿಕೊಂಡವರು. ಈಗ ಹದ ನೋಡುವುದು ಅವರ ಪಾಲಿನ ಕೆಲಸ.

ಈ ಸಲ ಆ ಕೆಲಸಕ್ಕೇ ಕುತ್ತು ಬಂದಿದೆ. ದರ್ಗಾ ಇರುವ ರೋಜಾದಲ್ಲಿ ಉರುಸಿನ ಯಾತ್ರಿಕರಿಗೆ ಮುಸಾಫಿರಖಾನೆ ನಡೆಸುವ ಶಾಹಜಾದಿ ಬೇಗಂ ದೊಡ್ಡ ಗಾಡಿ ತುಂಬ ಬೇಳೆ ಕೇಳಿದ್ದಾರೆ. ಹೋದ ವರ್ಷದ ಬೇಳೆಯಲ್ಲಿ ನುಚ್ಚು ಕಂಡು ಗಾಡಿಯನ್ನೇ ವಾಪಸ್ ಕಳಿಸಿದವರು ಅವರು. ಈ ಸಲವೂ ಹಾಗಾದರೆ ಹೆಂಗಸರನ್ನು ಕೆಲಸದಿಂದ ಬಿಡಿಸಿ ಹೈದರಾಬಾದಿನಿಂದ ಎಂಜಿನ್ ಗಿರಣಿ ತರಿಸುವುದು ಖಾತ್ರಿ ಎಂದಿದ್ದಾರೆ ಸಾಹುಕಾರರು.

ಸಿಪ್ಪೆ ಬಿಟ್ಟು ಒಡೆಯಲು ತೊಗರಿಗೆ ಇಲ್ಲಿ ಎರಡು ಹದ. ಕೆಮ್ಮಣ್ಣಿನ ನೀರಲ್ಲಿ ನೆನೆಸಿ ಒಣಗಿಸುವುದು ಒಂದು, ಎಣ್ಣೆ ಸವರಿ ಬಿಸಿಲಿಗೆ ಹರಡುವುದು ಇನ್ನೊಂದು. ಅಣವೀರಪ್ಪನವರ ಮನಸ್ಸು ನೀರಿನ ಕಡೆ. ಮೇಲಿನ ಚೀಲದ ಒಂದು ಹಿಡಿ ನೆನೆಸಿ ಒಡೆಸಿದ್ದಾರೆ, ಬೇಳೆ ಹೂವಿನ ಎಸಳಿನಂತೆ ಬಂದಿದೆ. ಅಷ್ಟಕ್ಕೇ ಹಿಗ್ಗಿಬಿಟ್ಟಿದ್ದಾರೆ.

ಬಂಡಮ್ಮ ಬೇರೆ ಬೇರೆ ಹೊಲದಿಂದ ಬಂದ ಎಲ್ಲ ಚೀಲಗಳ ಹಿಡಿಯನ್ನೂ ಎರಡೂ ಹದದಲ್ಲಿ ಒಡೆಸಿ ಸಾಲಾಗಿ ಇಡುತ್ತಾರೆ. ನೀರಿನ ಸಾಲಲ್ಲಿ ಒಂದು ಮೊರ ಬಂಗಾರ, ಪಕ್ಕದ್ದು ಬರೀ ನುಚ್ಚು. ಎಣ್ಣೆಯ ಸಾಲಲ್ಲಿ ಯಾವುದೂ ಬಂಗಾರವಲ್ಲ, ಯಾವುದೂ ನುಚ್ಚೂ ಅಲ್ಲ.

"ಎಲ್ಲಾ ಕೂಡಿಸಿ ಲೆಕ್ಕ ಹಾಕಿದ್ರ ನೀರಿಂದೇ ಛಲೋ ಬ್ಯಾಳಿ ಹೆಚ್ಚು ಬರ್ತದಲ್ಲವಾ?" ಸಾಹುಕಾರರು ಬಿಡುವುದಿಲ್ಲ.

"ಖರೆ ಅದರೀ ಸಾವ್ಕಾರ್ರ. ಆದ್ರ ಬೇಗಂ ಅವರು ಎಲ್ಲಾ ಕೂಡಿಸಿ ನೋಡಂಗಿಲ್ರೀ. ಕೈಗೆ ಹತ್ತಿದ ಒಂದು ಚೀಲ ಬಿಚ್ಚತಾರ. ಅದು ನುಚ್ಚಿಂದೇ ಆದ್ರ?"

ಸಾಹುಕಾರರು ಗಡ್ಡ ಕೆರೆದುಕೊಳ್ಳುತ್ತಾರೆ. ಕಡೆಗೆ, "ಎಣ್ಣಿ ಡಬ್ಬಿ ತಗೀರಿ" ಎನ್ನುತ್ತಾರೆ. ಸೋತರೂ ಮೀಸೆ ಮಣ್ಣಾಗಲಿಲ್ಲ ಎಂಬ ಠೀವಿ ಮಾತ್ರ ಹಾಗೇ ಇದೆ.

ಉರುಸಿನ ಹಿಂದಿನ ದಿನ ಗಾಡಿಯ ಜೊತೆ ಸಾಹುಕಾರರು, ಬಂಡಮ್ಮ ಹೊರಟಾಗ ನಾನೂ ರೋಜಾಕ್ಕೆ ಹೋಗುತ್ತೇನೆ. ಶಾಹಜಾದಿ ಬೇಗಂ ಮೇಲಿನ ಚೀಲ ಬಿಡುತ್ತಾರೆ, ತಳದ್ದನ್ನು ಎಳೆಸುತ್ತಾರೆ. ಬಿಚ್ಚುತ್ತಾರೆ. ಇನ್ನೊಂದು ಬಿಚ್ಚುತ್ತಾರೆ, ಮತ್ತೊಂದು. ಬಂಡಮ್ಮ ಸೆರಗು ಬಿಗಿದು ನಿಂತಿದ್ದಾರೆ.

"ಅರೆ ವ್ಹಾ! ಎಲ್ಲಾ ಒಂದೇ ನಮೂನಿ ಅದ! ಬರೋ ವರ್ಷ ಭೀ ನಿಮ್ಮದೇ ಬ್ಯಾಳಿ!"

ಅಣವೀರಪ್ಪನವರು ಬೀದಿಯಲ್ಲೇ ಬೆಲ್ಲ ಹಂಚುತ್ತಾರೆ. ನಾವು ಸುದ್ದಿ ಹೊತ್ತು ಅಂಗಳಕ್ಕೆ ಮರಳುತ್ತಲೇ ಹೆಂಗಸರು ಕಲ್ಲು ಬಿಟ್ಟು ಹೋ ಎಂದು ಕೂಗಿ ಬಂಡಮ್ಮನನ್ನು ಮುತ್ತಿಕೊಳ್ಳುತ್ತಾರೆ. ನನಗಂತೂ ಮನಸ್ಸು ತುಂಬ ಸಂತೋಷ.

"ಎಂದಾದರೂ ಎಂಜಿನ್ ಬಂದೇ ಬರುತ್ತಲ್ಲಮ್ಮ?" ಎಂದು ಕೇಳುತ್ತೇನೆ.

ಬಾಯಲ್ಲಿದ್ದ ಬೆಲ್ಲ ನುಂಗಿ ಬಂಡಮ್ಮ ನಗುತ್ತಾರೆ. "ಬರ್ಲಿ ಬಿಡ್ರೀ. ಅದು ಒಡೀತದ ಅಷ್ಟೇ. ಯಾವ ಕಾಳಿಗೆ ಯಾವ ಹದ ಅಂತ ಅದಕ್ಕೂ ನಾವೇ ಹೇಳಬೇಕು."