ಮೊದಲ ಗುದ್ದಲಿ

ದಿಲ್ಲಿಯಲ್ಲಿ ಈಗ ನಮ್ಮ ರಾಜ್ಯಘಟನೆ ತಯಾರಾಗುತ್ತಿದೆ. ಕಾಯದೆಯ ಕಣ್ಣಿಗೆ ಎಲ್ಲ ಧರ್ಮಗಳೂ ಸಮವಾಗಿರಬೇಕೆಂದು ದೊಡ್ಡವರು ವಾದಿಸುತ್ತಿದ್ದಾರಂತೆ. ಪತ್ರಿಕೆಯಲ್ಲಿ ಆ ಸುದ್ದಿ ಬಂದ ದಿನ ನಾನು ಮನೆಯಲ್ಲಿ ಸ್ವಲ್ಪ ಎದೆಯುಬ್ಬಿಸಿಕೊಂಡೇ ಓಡಾಡುತ್ತೇನೆ. "ಈ ಖಟ್ಲೆ ನಾ ಹಾವೇರಿಯೊಳಗ ಎಂದೋ ಗೆದ್ದೇನಿ" ಎಂದರೆ ಹೆಂಡತಿ, "ಗೆದ್ದಾಕಿ ರುದ್ರವ್ವ. ನೀವು ಬಾಜೂಕ ನಿಂತಿದ್ರಿ" ಎನ್ನುತ್ತಾಳೆ. ಹೆಂಡತಿಯ ತೀರ್ಪಿನ ಮೇಲೆ ಅಪೀಲು ಇಲ್ಲ.

ಆಗ ನಾನು ಹೊಸ ವಕೀಲ. ಕರಿ ಕೋಟು ಇತ್ತು, ಕಕ್ಷಿದಾರರಿರಲಿಲ್ಲ. ಕಚೇರಿಯ ಬೇವಿನ ಮರದಡಿ ಕೂತು, ಬ್ಯಾಡಗಿಯ ಮೆಣಸಿನಕಾಯಿ ಗಾಡಿ ಹಾದಾಗಲೆಲ್ಲ ಸೀನುವುದೇ ನನ್ನ ಉದ್ಯೋಗವಾಗಿತ್ತು. ಒಂದು ಮಧ್ಯಾಹ್ನ ಅಗಡಿಯ ಆಚೆಯ ಹಳ್ಳಿಯಿಂದ ರುದ್ರವ್ವ ನಡೆದು ಬಂದಳು. ಹಣೆಯಲ್ಲಿ ಢಾಳಾದ ವಿಭೂತಿ, ಕೊರಳಲ್ಲಿ ಲಿಂಗ, ಮಗನ ಹೆಸರು ಫಕೀರಪ್ಪ! ಮಕ್ಕಳು ಉಳಿಯದಿದ್ದಾಗ ಊರ ಮಸೂತಿಯ ಅಲಾವಿ ದೇವರಿಗೆ ಹರಕೆ ಹೊತ್ತು ಪಡೆದ ಮಗ. ವರ್ಷವರ್ಷವೂ ಮೊಹರಮ್ಮಿಗೆ ಅವನನ್ನು ಕರೆದೊಯ್ದು, ಮುಲ್ಲಾನ ಕೈಗೆ ಹರಕೆಯ ಸಕ್ಕರೆ ಕೊಟ್ಟು ದೇವರ ಮುಂದೆ ಓದಿಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳು.

ತಾಲೂಕಿಗೆ ಹೊಸದಾಗಿ ಬಂದ ಮಾಮಲೇದಾರ ಸಾಹೇಬರು ಬೇರೆಲ್ಲೋ ಗಲಾಟೆಯಾದ ಸುದ್ದಿ ಕೇಳಿ, ಹಬ್ಬದಲ್ಲಿ ಹಿಂದೂಗಳು ಮಸೂತಿಯ ಅಂಗಳಕ್ಕೆ ಕಾಲಿಡಕೂಡದೆಂದು ಹುಕುಂ ಹೊರಡಿಸಿದ್ದರು. ಸಾಹೇಬರು ತಾವೂ ಹಿಂದೂಗಳೇ; ಮುಸಲ್ಮಾನರ ಹಬ್ಬ ನಿರ್ವಿಘ್ನವಾಗಿ ನಡೆಯಲಿ ಎಂಬ ಸದುದ್ದೇಶ.

"ವಕೀಲಪ್ಪಾ, ಹರಕಿ ತಪ್ಪಿ ನನ್ನ ಮಗಗ ಏನರ ಆದ್ರ ನಿಮ್ಮ ಸಾಹೇಬ್ರು ಬಂದು ನೋಡ್ತಾರೇನು?" ಎಂದಳು. ನಾನು ಕೋಟಿನ ಗುಂಡಿ ಹಾಕಿಕೊಂಡು ಎದ್ದೆ.

ಸಾಹೇಬರ ಮುಂದೆ ನಿಂತು, ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲವೆಂದು ಇಂಗ್ಲೆಂಡಿನ ಹಿಂದಿನ ಮಹಾರಾಣಿ ಕೊಟ್ಟ ವಚನದಿಂದ ನಾನು ವಾದ ಶುರುಮಾಡಿದೆ. ರಾಣಿಯನ್ನು ದಾಟಿ ಧರ್ಮಶಾಸ್ತ್ರಕ್ಕೆ ಬರುವಷ್ಟರಲ್ಲಿ ಸಾಹೇಬರು ಆಕಳಿಸಿದರು. ಕರೆಸಿದ್ದ ಊರ ಮುಲ್ಲಾನನ್ನೇ ಕೇಳಿದರು: "ಈಕಿ ಮನಿಯವರು ಬಂದ್ರ ನಿಮ್ಮ ತಕರಾರು ಐತೇನು?"

"ಬರದಿದ್ರ ತಕರಾರು ಐತ್ರಿ ಸಾಹೇಬ್ರ! ಹಬ್ಬದ ಬೆಂಕಿ ಹಾಕೂ ಅಲಾವಿ ಕುಣಿ ತೋಡಾಕ ಮೊದಲನೇ ಗುದ್ದಲಿ ಅವರ ಮನಿದು. ನಮ್ಮ ಮುತ್ತ್ಯಾನ ಕಾಲದಿಂದ ಹಂಗ ನಡದು ಬಂದೈತಿ. ಅವರು ಗುದ್ದಲಿ ಹಾಕದ ನಮ್ಮ ಹಬ್ಬ ಶುರುನ ಆಗಂಗಿಲ್ಲ."

ಇದನ್ನು ರುದ್ರವ್ವ ನನಗೆ ಹೇಳಿರಲೇ ಇಲ್ಲ. ಊರಿಗೆಲ್ಲ ಗೊತ್ತಿರುವುದನ್ನು ವಕೀಲನಿಗೆ ಬೇರೆ ಹೇಳಬೇಕೇ? ಸಾಹೇಬರು ತಮ್ಮ ಹುಕುಮಿನ ಕಾಗದ ಎತ್ತಿಕೊಂಡು ಮತ್ತೊಮ್ಮೆ ಓದಿದರು. ಹಬ್ಬವನ್ನು ಕಾಯಲು ಹೊರಟ ಹುಕುಂ ಹಬ್ಬವನ್ನೇ ನಿಲ್ಲಿಸುತ್ತಿತ್ತು. "ಹುಕುಂ ರದ್ದು" ಎಂದರು. ಕಚೇರಿ ಎಂಬುದನ್ನು ಮರೆತು ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಗುದ್ದಲಿ ಬೀಳುವ ಸಂಜೆ ನಾನೂ ಹೋಗಿದ್ದೆ. ಫಕೀರಪ್ಪ ಗುದ್ದಲಿ ಎತ್ತಿ ಹಾಕಿದ. ಹಲಗೆಗಳು ಒಮ್ಮೆಲೇ ಮೊಳಗಿದವು, ಊರಿಗೆ ಊರೇ ಕೇಕೆ ಹಾಕಿತು. ರುದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅಂಥ ಗೆಲುವು ಆಮೇಲೆ ನನಗೆ ಯಾವ ಕೋರ್ಟಿನಲ್ಲೂ ಸಿಗಲಿಲ್ಲ.

ಬಂದೋಬಸ್ತಿಗೆಂದು ಸಾಹೇಬರೂ ಬಂದಿದ್ದರು. ರುದ್ರವ್ವ ಸಕ್ಕರೆ ಓದಿಸಿಕೊಂಡು ಹೊರಬಂದ ಮೇಲೆ, ಅವರು ಆಚೀಚೆ ನೋಡಿ, ಕೋಟಿನ ಕಿಸೆಯಿಂದ ಒಂದು ಸಣ್ಣ ಸಕ್ಕರೆ ಪೊಟ್ಟಣ ತೆಗೆದು ಮುಲ್ಲಾನ ಕೈಗೆ ಮೆಲ್ಲಗೆ ಕೊಟ್ಟರು. ಏನು ಬೇಡಿಕೊಂಡಿದ್ದರೋ! ಅದನ್ನು ಕೇಳುವ ಅಧಿಕಾರ ಯಾವ ಕಾಯದೆಗೂ ಇಲ್ಲ. ಪಾಟೀಸವಾಲು ಮಾಡುವುದೇ ಕಸುಬಾದ ನಾನೂ ಕೇಳಲಿಲ್ಲ.